ಗಂಗೋತ್ರಿಯ ಕಾರಿನ ಕುರುಡು

ಗಂಗೋತ್ರಿ ನ್ಯಾಮತಿ ಸುತ್ತಿನ ಹಳ್ಳಿಗಳಿಗೆ ಹೋಗುವ ಪಶುವೈದ್ಯೆ. ಹುಟ್ಟೂರು ಜಗಳೂರು ಕಡೆ. ಒದೆಯುವ ಎಮ್ಮೆಗೂ ಹಾಯುವ ಹೋರಿಗೂ ಹೆದರದವಳು. ಅವಳ ತಾಳ್ಮೆ ಕೆಡಿಸುತ್ತಿದ್ದುದು ಮನುಷ್ಯರು: ತಾನು ಕೇಳಿದ್ದಕ್ಕೆ ತನ್ನ ಗಂಡನ ಮುಖ ನೋಡಿ ಉತ್ತರ ಕೊಡುವವರು.

ದನ ಈಯುವುದಕ್ಕೆ ಹೊತ್ತುಗೊತ್ತು ಎಲ್ಲಿದೆ? ಕತ್ತಲಲ್ಲೂ ಓಡಾಡಬೇಕಿತ್ತು. ಒಂದು ಸಂಜೆ ಸೂರಗೊಂಡನಕೊಪ್ಪದಿಂದ ಬರುವಾಗ ಕಾರಿನ ಎರಡೂ ಹೆಡ್‌ಲೈಟು ಒಟ್ಟಿಗೇ ಆರಿಹೋದವು. ಮುಂದಿದ್ದ ಟ್ರ್ಯಾಕ್ಟರಿನ ಬೆನ್ನು ಹಿಡಿದು, ಅದರ ಧೂಳು ಕುಡಿಯುತ್ತ ಊರು ಸೇರಿದಳು.

ಗಂಡ ದುರುಗೇಶ್ ಹೈಸ್ಕೂಲು ಮೇಷ್ಟ್ರು. ಮೊಬೈಲಿನಲ್ಲಿ ವಿಡಿಯೋ ನೋಡಿ, "ಬಲ್ಬ್ ಹೋಗೈತೆ" ಎಂದ.

"ಎರಡೂ ಒಂದೇ ಸಲಕ್ಕೆ ಹೆಂಗೆ ಹೋಗ್ತಾವ್ರೀ?"

"ಹೋಗ್ತಾವೆ ಬಿಡು."

ಹೊಸ ಬಲ್ಬ್ ಹಾಕಿದ, ಹತ್ತಲಿಲ್ಲ. ಫ್ಯೂಸ್ ತೆಗೆದು ನೋಡಿದ, ಚೆನ್ನಾಗಿಯೇ ಇತ್ತು. ಚೆನ್ನಾಗಿದ್ದುದನ್ನೂ ಬದಲಿಸಿದ. ಕಾರು ಕಣ್ಣು ಬಿಡಲಿಲ್ಲ.

ಭಾನುವಾರ ಇಬ್ಬರೂ ಆಟೋ ಎಲೆಕ್ಟ್ರಿಷಿಯನ್ ಮರುಳಪ್ಪನ ಅಂಗಡಿಗೆ ಹೋದರು. ಗಂಗೋತ್ರಿ ನಡೆದದ್ದನ್ನೆಲ್ಲ ಹೇಳಿದಳು. ಮರುಳಪ್ಪ ದುರುಗೇಶನತ್ತ ತಿರುಗಿ, "ಸ್ವಿಚ್ಚು ಹೋಗೈತೆ ಸಾರ್, ಬದಲಿಸ್ಬೇಕು" ಎಂದ.

"ಕಾರು ನಂದು, ನನಗೆ ಹೇಳ್ರಿ," ಗಂಗೋತ್ರಿ ನಡುವೆ ಬಂದು ನಿಂತಳು. "ಬಾನೆಟ್ಟೇ ಎತ್ತಿಲ್ಲ ನೀವು. ನಿಮ್ಮ ಹಸುವಿನ ಮೈ ಮುಟ್ಟದೆ ನಾನು ಸೂಜಿ ಚುಚ್ಚಿದ್ರೆ ಸುಮ್ನಿರ್ತೀರಾ?"

ಗೊಣಗುತ್ತಲೇ ಮರುಳಪ್ಪ ಬಾನೆಟ್ ಎತ್ತಿದ. ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ ಸಿಕ್ಕಿಸಿ, ಇನ್ನೊಂದನ್ನು ಹೆಡ್‌ಲೈಟಿನ ವೈರಿಗೆ ಮುಟ್ಟಿಸಿದ. ಲ್ಯಾಂಪ್ ಹೊತ್ತಿತು. ಅಂದರೆ ಸ್ವಿಚ್ಚು ಸರಿಯಾಗಿತ್ತು, ಕರೆಂಟು ಲೈಟಿನವರೆಗೂ ಬರುತ್ತಿತ್ತು.

"ಹಂಗಾರೆ ಬಲ್ಬೇ!" ದುರುಗೇಶ್ ಹಿಗ್ಗಿದ.

"ಬಲ್ಬ್ ಹೊಸದು ಕಣ್ರೀ!" ಗಂಗೋತ್ರಿಯ ದನಿ ಬೀದಿಗೆ ಕೇಳಿಸಿತು. "ಕರೆಂಟು ಬರಾಕೆ ದಾರಿ ಐತೆ. ವಾಪಸ್ ಹೋಗಾಕೆ?"

ಮರುಳಪ್ಪ ಮೊದಲ ಸಲ ಅವಳನ್ನು ನೋಡಿದ. "ಅರ್ತು..." ಎನ್ನುತ್ತ ಒಂದು ತುಂಡು ವೈರು ತೆಗೆದು, ಎರಡೂ ಲೈಟಿನ ಕರೆಂಟು ವಾಪಸ್ ಹೋಗುವ ಒಂದೇ ಅರ್ತ್ ವೈರನ್ನು ನೇರ ಬ್ಯಾಟರಿಯ ಮೈನಸ್ಸಿಗೆ ಜೋಡಿಸಿದ. ಎರಡೂ ಲೈಟು ಝಗ್ಗನೆ ಹೊತ್ತಿದವು.

ಆ ಕಪ್ಪು ವೈರಿನ ಜಾಡು ಹಿಡಿದು ಹೋದರೆ, ಅದನ್ನು ಕಾರಿನ ತಗಡಿಗೆ ಬಿಗಿದ ಬೋಲ್ಟು ಎಡ ಹೆಡ್‌ಲೈಟಿನ ಹಿಂದೆ ಸಿಕ್ಕಿತು. ಮಳೆಗಾಲಕ್ಕೆ ಮುಂಚೆ ಎಮ್ಮೆಯೊಂದು ಗುದ್ದಿ ಅಲ್ಲಿ ನೆಗ್ಗಿತ್ತು. ಹೊನ್ನಾಳಿಯಲ್ಲಿ ಅದನ್ನು ಸರಿಮಾಡಿದವನು ದಪ್ಪಗೆ ಪೇಂಟ್ ಬಳಿದು, ಪೇಂಟಿನ ಮೇಲೆಯೇ ವೈರು ಬಿಗಿದಿದ್ದ. ಬೋಲ್ಟಿನ ಸಂದಿಯಲ್ಲಿ ಅಷ್ಟಿಷ್ಟು ದಾಟುತ್ತಿದ್ದ ಕರೆಂಟು ತುಕ್ಕು ಹಿಡಿದ ಮೇಲೆ ನಿಂತೇಹೋಗಿತ್ತು. ಮರುಳಪ್ಪ ಪೇಂಟ್ ಕೆರೆದು, ಬಿಳಿ ತಗಡು ಕಾಣುವಂತೆ ತಿಕ್ಕಿ, ಹೊಸ ಬೋಲ್ಟು ಬಿಗಿದ.

"ನನಗೂ ವೈರಿನ ಮೇಲೆ ಡೌಟಿತ್ತು" ಎಂದ ದುರುಗೇಶ್. ಗಂಗೋತ್ರಿ ಬಾನೆಟ್ಟನ್ನು ಬೇಕಿದ್ದಕ್ಕಿಂತ ಜೋರಾಗಿ ಮುಚ್ಚಿದಳು.

ಮರುದಿನ ಮುಸ್ಸಂಜೆ ಗಾದ್ರಮ್ಮ ಎಂಬ ಮುದುಕಿಯ ಎಮ್ಮೆ ಈಯಲಾರದೆ ಒದ್ದಾಡುತ್ತಿತ್ತು, ಊರಿನಲ್ಲಿ ಕರೆಂಟಿಲ್ಲ. ಗಂಗೋತ್ರಿ ಕಾರನ್ನು ಕೊಟ್ಟಿಗೆಯ ಬಾಗಿಲಿಗೆ ತಿರುಗಿಸಿ, ಇಂಜಿನ್ ಆರಿಸದೆ ಲೈಟು ಹಾಕಿ, ತೋಳೇರಿಸಿ ಎಮ್ಮೆಯ ಹಿಂದೆ ಕೂತಳು. ಹೊಟ್ಟೆಯೊಳಗೆ ಮಡಚಿಕೊಂಡಿದ್ದ ಕರುವಿನ ಮುಂಗಾಲನ್ನು ನೇರ ಮಾಡಿ ಎಳೆದಾಗ, ಅದು ಹಬೆಯಾಡುತ್ತ ಹುಲ್ಲಿನ ಮೇಲೆ ಬಿತ್ತು.

"ಹೆಣ್ಗರು ಐತೆ ಕಣವ್ವಾ!" ಎಂದಳು ಗಾದ್ರಮ್ಮ. ಕರು ಬೆಳಕಿಗೆ ಕಣ್ಣು ಕಿವುಚಿ ಸೀನಿತು.