ಒರೆಗೆ ಹಚ್ಚಿದ ಹಾರ್ಡ್ ಡಿಸ್ಕು

ನಾಗಮಂಗಲದ ನಮ್ಮ ಚಿನ್ನದ ಅಂಗಡಿಯಲ್ಲೊಂದು ಮುದಿ ಕಂಪ್ಯೂಟರಿತ್ತು. ಬೆಳಿಗ್ಗೆ ಅದರ ಗುಂಡಿ ಒತ್ತಿ, ಕಸ ಗುಡಿಸಿ, ದೇವರಿಗೆ ದೀಪ ಹಚ್ಚಿ ಬಂದರೂ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತಿತ್ತು. ಸರದ ಮಾದರಿ ತೋರಿಸಿ ಎಂದವರು ಕಾದು ಕಾದು ಎದ್ದು ಹೋದದ್ದೂ ಉಂಟು. ಎತ್ತಿ ಬೀದಿಗೆ ಎಸೆಯೋಣ ಅನ್ನಿಸುತ್ತಿತ್ತು. ಎಸೆಯುವಂತಿರಲಿಲ್ಲ.

ಅದರೊಳಗೆ ಅಪ್ಪನ ಕೆಲಸವಿತ್ತು. ಅಪ್ಪ ಒಂದು ಕಾಲದಲ್ಲಿ ಮಾಡಿಕೊಟ್ಟ ಓಲೆ, ಜುಮುಕಿ, ಅಡ್ಡಿಕೆಗಳನ್ನು ಹೊಣಕೆರೆ, ದೇವಲಾಪುರದ ಕಡೆಯವರು ಈಗ ಮುರಿಸಲು ತರುತ್ತಾರೆ. ಸೊಸೆಯರಿಗೆ ಹೊಸ ಮಾದರಿ ಬೇಕಂತೆ. ಅಪ್ಪ ಊಟಕ್ಕೆ ಹೋದ ಹೊತ್ತು ನೋಡಿ, ಒಂದು ಫೋಟೊ ತೆಗೆದು ಕಂಪ್ಯೂಟರಿಗೆ ಹಾಕಿಟ್ಟು, ಕರಗಿಸುತ್ತೇನೆ. ಹೊಟ್ಟೆಪಾಡು. ಅವನಿಗೆ ಹೇಳಿಲ್ಲ. ಕೈ ನಡುಗಿ ಕೆಲಸ ಬಿಟ್ಟು ಸುಮ್ಮನೆ ಅಂಗಡಿಯಲ್ಲಿ ಕೂರುವ ಮನುಷ್ಯನಿಗೆ ಏನಂತ ಹೇಳಲಿ?

ಕೊನೆಗೆ ಪಾಂಡವಪುರದಿಂದ ರಿಪೇರಿಯವನನ್ನು ಕರೆಸಿದೆ. ಹಳೆಯ ಹಾರ್ಡ್ ಡಿಸ್ಕು ಬಿಚ್ಚಿ, ಎಸ್‌ಎಸ್‌ಡಿ ಅನ್ನುವ ಅಂಗೈಯಗಲದ ಹೊಸ ಡಿಸ್ಕು ಕೂರಿಸಿದ. ಕಂಪ್ಯೂಟರು ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು ಕೂತಿತು.

“ಅಣ್ಣ, ಹಳೇದ್ರಲ್ಲಿರೋ ಫೋಟೊನೆಲ್ಲಾ ನಾಳೆ ಕೇಬಲ್ ತಂದು ಇದುಕ್ಕೆ ಆಕ್ಕೊಡ್ತೀನಿ. ಅಲ್ಲೀಗಂಟ ಅದ್ನ ಉಸಾರಾಗಿ ಮಡಗಿರಿ,” ಅಂದ.

ಅವನನ್ನು ಬಸ್ಸು ಹತ್ತಿಸಿ ಬಂದು ನೋಡುತ್ತೇನೆ, ಅಪ್ಪ ಆ ಹಳೆಯ ಡಿಸ್ಕನ್ನು ಚಾಣದಿಂದ ಮೀಟಿ ತೆಗೆದು, ಒಳಗಿದ್ದ ಫಳಫಳ ಹೊಳೆಯುವ ಬಿಲ್ಲೆಯನ್ನು ಕಿತ್ತು, ಒರೆಗಲ್ಲಿನ ಮೇಲೆ ಉಜ್ಜುತ್ತಾ ಕೂತಿದ್ದಾನೆ! ಬೇರೆ ಯಾರ ಮನೆಯ ಅಪ್ಪಂದಿರು ಇಂಥದ್ದು ಮಾಡುತ್ತಾರೆ? ನಮ್ಮ ಕಸುಬಿನವರ ಕೈಗೆ ಹೊಳೆಯುವುದೇನು ಸಿಕ್ಕರೂ ಒರೆಗೆ ಹಚ್ಚದೆ ಬಿಡುವುದಿಲ್ಲ. ಬಿಲ್ಲೆಯ ತುಂಬ ಗೀರು ಬಿದ್ದಿತ್ತು.

“ಬೆಳ್ಳಿ ಅಲ್ಲ ಕಣ್ಲಾ ಇದು. ಯಾವನೋ ಟೋಪಿ ಆಕವ್ನೆ,” ಎಂದ, ನನಗೇ ಸಮಾಧಾನ ಹೇಳುವಂತೆ.

ತಲೆ ತಲೆ ಚಚ್ಚಿಕೊಂಡೆ. “ಅಯ್ಯೋ, ಏನ್ ಮಾಡ್ಬುಟ್ಟೆ ಅಪ್ಪಾ! ನೀನ್ ಮಾಡಿದ್ ಒಡ್ವೆ ಫೋಟೊ ಎಲ್ಲಾ ಅದ್ರಲ್ಲೇ ಇದ್ವು. ಇನ್ ಯಾವ್ನ್ ಕೈಲೂ ತಗ್ಯಕಾಗಲ್ಲ, ಎಲ್ಲಾ ಓಯ್ತು!”

ಅಪ್ಪ ಬಿಲ್ಲೆಯನ್ನು ಪಂಚೆಗೆ ಒರೆಸಿ ನನ್ನ ಕೈಗಿತ್ತ.

“ಫೋಟೊ ಓದ್ರೆ ಓಯ್ತು ಬುಡ್ಲಾ. ಒಡ್ವೆ ಎಲ್ಲೋಯ್ತವೆ? ಅವ್ರವ್ರ ಕಿವೀಲಿ, ಕತ್ತಲ್ಲೇ ಅವಲ್ಲ.”

ಮೈಯೆಲ್ಲ ಉರಿಯುತ್ತಿತ್ತು. ಬೈಯಲು ಬಾಯಿ ತೆರೆದವನು ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡೆ.

“ಊ ಕಣಪ್ಪಾ, ಅವೆ,” ಎಂದೆ.