ಗೋಧಿ ಹೊಲದ ತಂತಿ ಮತ್ತು ಪಟ್ಟೆತಲೆ ಬಾತುಗಳು

ತಂತಿಯ ಆಚೆ ನಿಂತು ಖಾದರಸಾಬರು ಕೇಳಿದ ಪ್ರಶ್ನೆಗೆ ನಾನು ಏನು ಉತ್ತರ ಕೊಟ್ಟೆ ಎಂಬುದು ನನಗೆ ಖಚಿತವಿಲ್ಲ. ಉತ್ತರ ಕೊಟ್ಟೆನೋ ಇಲ್ಲವೋ ಎಂಬುದೂ ಖಚಿತವಿಲ್ಲ. ಅದಾಗಿ ಇನ್ನೂ ಬಹಳ ದಿನವಾಗಿಲ್ಲ. ಮಂಜು, ಚಹಾದ ರುಚಿ, ಸತ್ತ ಹಕ್ಕಿಯ ಹಳದಿ ಕಾಲು ಎಲ್ಲ ಸ್ಪಷ್ಟವಾಗಿ ನೆನಪಿವೆ. ಆ ಒಂದು ಕ್ಷಣ ಮಾತ್ರ ಇಲ್ಲ. ಹಾಗಾಗಿ ಸ್ಪಷ್ಟವಾಗಿ ನೆನಪಿರುವುದನ್ನೂ ಈಗ ಪೂರ್ತಿ ನಂಬುವುದಿಲ್ಲ.

ಡಿಸೆಂಬರಿನ ಒಂದು ಶನಿವಾರ ಧಾರವಾಡ ಬಿಟ್ಟು, ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಸಂಜೆಗೆ ನರಗುಂದ ಮುಟ್ಟಿದೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಬಾತುಗಳನ್ನು ಕಣ್ಣಾರೆ ನೋಡಬೇಕೆಂಬುದು ಹಳೆಯ ಆಸೆ. ಅವು ಯಾವಗಲ್ ಆಚೆಯ ಒಂದು ಕೆರೆಗೆ ಬಂದಿವೆ ಎಂದು ತಿಳಿಸಿದವರು ಖಾದರಸಾಬರು. ನನ್ನ ಜೊತೆ ಎಂ.ಎಸ್ಸಿ. ಓದಿದವನ ಅಣ್ಣ, ನರಗುಂದದ ಮಾರುಕಟ್ಟೆಯಲ್ಲಿ ಕಾಳಿನ ದಲಾಲಿ ಮಾಡುತ್ತಾರೆ. ಖಾನಾವಳಿಯಲ್ಲಿ ರೊಟ್ಟಿ, ಝುಣಕ ತಿನ್ನುತ್ತ ಮರುದಿನದ ದಾರಿ ಗೊತ್ತು ಮಾಡಿದೆವು. ಕೆರೆ ನೋಡಿ, ರೋಣದ ಮೇಲೆ ಗಜೇಂದ್ರಗಡಕ್ಕೆ ಹೋಗಿ, ಅವರ ಅಕ್ಕನ ಮನೆಯಲ್ಲಿ ಊಟ ಮಾಡಿ, ನಾನು ಅಲ್ಲಿಂದ ಬಸ್ಸು ಹಿಡಿಯುವುದು.

ಕತ್ತಲಿರುವಾಗಲೇ ಅವರ ಮೋಟರ್‌ಸೈಕಲ್ಲಿನಲ್ಲಿ ಹೊರಟೆವು. ಯಾವಗಲ್ಲಿನಲ್ಲಿ ಚಹಾಕ್ಕೆ ನಿಂತಾಗ ಅಂಗಡಿಯಾಕೆ ನನ್ನ ಕೊರಳಿನ ದುರ್ಬೀನು ನೋಡಿ, ಏನು ನೋಡಲು ಬಂದಿದ್ದೀರಿ ಎಂದು ಕೇಳಿದಳು. ಹೇಳಿದೆ.

"ಹತ್ತು ಹಕ್ಕಿ ನಿಮ್ಮನಿಗೂ ಒಯ್ರಿ ಸಾಹೇಬ್ರ, ನಿಮ್ಮ ಅಂಗಳದಾಗ ಮೇಯಲಿ" ಎಂದಳು. "ನಮ್ಮ ಗೋಧಿ ಅರ್ಧ ಅವಕ್ಕ ಹೋತು. ಉಳಿದಿದ್ದು ಹಂದಿಗೆ."

ಖಾದರಸಾಬರು ನಕ್ಕು ಇನ್ನೊಂದು ಕಪ್ ಕೇಳಿದರು.

ಊರು ದಾಟಿದ ಮೇಲೆ ಮಂಜು ದಟ್ಟವಾಯಿತು. ಗಾಡಿಯನ್ನು ರಸ್ತೆಯ ಬದಿಗೆ ಬಿಟ್ಟು ಹೊಲದ ಬದುವಿನ ಮೇಲೆ ನಡೆದೆವು. ಖಾದರಸಾಬರ ಮೊಬೈಲು ಗಾಡಿಯ ಚೀಲದಲ್ಲೇ ಉಳಿಯಿತು. ಬೆಳಕೆಂದರೆ ನನ್ನ ಕೈಯಲ್ಲಿದ್ದ ಟಾರ್ಚು ಮಾತ್ರ. ಕೆರೆ ಕಾಣಲಿಲ್ಲ, ಕೇಳಿಸಿತು. ನಾಮಗೋಳಿ ಹಕ್ಕಿಗಳ ಚುಟುಕು ಕೂಗು, ನೀರಿನ ಮೇಲೆ ಓಡುವ ರೆಕ್ಕೆಗಳ ಸದ್ದು, ಎಲ್ಲಕ್ಕಿಂತ ಮೇಲೆ ಮೂಗಿನಿಂದ ಬರುವಂಥ ಬಾತುಗಳ ದನಿ. ಅದು ಮುಂದಿನಿಂದ ಬರುತ್ತಿತ್ತು, ತಿರುಗಿದರೆ ಹಿಂದಿನಿಂದಲೂ ಬರುತ್ತಿತ್ತು. ಎಲ್ಲೋ ಹತ್ತಿರ ಪಂಪ್‌ಸೆಟ್ಟಿನ ಗುಂಯ್‌ಗುಡುವಿಕೆ.

ದುರ್ಬೀನಿನ ಗಾಜು ಒರೆಸಲು ನಾನು ನಿಂತೆ. ಖಾದರಸಾಬರು ಲುಂಗಿ ಎತ್ತಿ ಕಟ್ಟಿ ಮುಂದೆ ಹೋಗಿ ಮಂಜಿನಲ್ಲಿ ಮರೆಯಾದರು. ಮತ್ತೆ ಕಾಲು ಎತ್ತುವ ಮೊದಲು ಟಾರ್ಚಿನ ಬೆಳಕು ಒಂದು ಬಿಳಿ ವಸ್ತುವಿನ ಮೇಲೆ ಬಿತ್ತು. ಪಟ್ಟೆತಲೆ ಬಾತು. ರೆಕ್ಕೆ ಬಿಚ್ಚಿಕೊಂಡು ಬಿದ್ದಿತ್ತು. ಅದರ ಕುತ್ತಿಗೆ ಮೊಳಕಾಲೆತ್ತರದ ಒಂದು ಸಣ್ಣ ತಂತಿಗೆ ಜೋತುಬಿದ್ದಿತ್ತು. ತಂತಿ ಗೂಟದಿಂದ ಗೂಟಕ್ಕೆ ಎರಡೂ ಕಡೆ ಮಂಜಿನೊಳಗೆ ಹೋಗಿತ್ತು. ಸುಟ್ಟ ಗರಿಯ ವಾಸನೆ ಬಂತು, ಅಥವಾ ಆಮೇಲೆ ನಾನು ಅದನ್ನು ಸೇರಿಸಿಕೊಂಡಿದ್ದೇನೆ.

ತಂತಿ ಇದೆ, ಅಲ್ಲೇ ನಿಲ್ಲಿ ಎಂದು ಕೂಗಿದೆ. ಹಂದಿಗೆಂದು ಲೈನಿನಿಂದ ನೇರವಾಗಿ ಕರೆಂಟ್ ಕೊಡುವ ತಂತಿಯ ಬಗ್ಗೆ ಆ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಂತಿ ಬದುವಿನ ಮೇಲೆ ಜೋಲು ಬಿದ್ದಿದ್ದ ಕಡೆ ಖಾದರಸಾಬರು ತಿಳಿಯದೆ ದಾಟಿಬಿಟ್ಟಿದ್ದರು. ಈಗ ಅವರು ಒಳಗೆ, ನಾನು ಹೊರಗೆ. ಹೊಲದ ಉಳಿದ ಕಡೆ ತಂತಿ ಎಲ್ಲೆಲ್ಲಿ ಹಾದಿದೆ, ಎಲ್ಲಿ ಹರಿದು ಬಿದ್ದಿದೆ, ಇಬ್ಬರಿಗೂ ಗೊತ್ತಿರಲಿಲ್ಲ.

ಬೆಳಕಾಗುವವರೆಗೆ ಕಾಯೋಣ ಎಂದೆ. ಹೂಂ ಎಂದರು. ಸ್ವಲ್ಪ ಹೊತ್ತಿನ ಮೇಲೆ, ಎರಡನೆಯ ಕಪ್ ಚಹಾ ಕುಡೀಬಾರದಿತ್ತು ಎಂದರು. ಅರ್ಥವಾಗಿ, ದಯವಿಟ್ಟು ತಡೆದುಕೊಳ್ಳಿ ಎಂದು ಬೇಡಿಕೊಂಡೆ. ಇಬ್ಬರೂ ನಕ್ಕೆವು. ಆ ನಗು ಬೇಗ ನಿಂತಿತು.

"ಸರ, ನೀರು ಬರಾಕತ್ತೈತ್ರಿ" ಎಂದರು ಖಾದರಸಾಬರು. "ಬೆರಳು ತೊಯ್ದ್ವು."

ಪಂಪಿನ ನೀರು ಆ ಹೊಲಕ್ಕೇ ಹರಿಯುತ್ತಿತ್ತು. ಟಾರ್ಚಿನ ಬೆಳಕು ಬಿಟ್ಟೆ, ಗೋಧಿಯ ಸಾಲುಗಳ ನಡುವೆ ಕಪ್ಪು ನೀರು ನಿಧಾನವಾಗಿ ಹರಡುತ್ತಿತ್ತು. ತಂತಿಯ ಒಂದು ತುದಿ ಎಲ್ಲಾದರೂ ಕೆಳಗೆ ಬಿದ್ದಿದ್ದರೆ, ನೀರು ಅಲ್ಲಿಗೆ ಮುಟ್ಟಿದರೆ. ಬಾತುಗಳು ಕೂಗುತ್ತಲೇ ಇದ್ದವು. ಖಾದರಸಾಬರು ಏನೋ ಪಿಸುಗುಡುತ್ತಿದ್ದರು, ಅದು ನನಗೆ ಹೇಳಿದ್ದಲ್ಲ.

ಆಗ ಪಂಪಿನ ಸದ್ದು ನಿಂತಿತು.

"ಮೋಟರ್ ಬಂದ್ ಆತ್ರಿ ಸರ. ಅಂದ್ರ ಕರೆಂಟ್ ಹೋತು. ಬರ್ಲ್ಯಾ?"

ಮೋಟರ್ ನಿಂತ ಮಾತ್ರಕ್ಕೆ ಕರೆಂಟ್ ಹೋಗಿದೆ ಎಂದಲ್ಲ. ಅದು ನನಗೆ ಹೊಳೆದಿತ್ತು, ಇಷ್ಟು ನಿಶ್ಚಿತ. ಬೇಡ ಎಂದು ಕೂಗಿದಂತೆ ನೆನಪು. ಖಾದರಸಾಬರು ಲುಂಗಿ ಮೇಲಕ್ಕೆತ್ತಿ ಮಂಜಿನಿಂದ ಹೊರಬಂದರು. ನಾನು ಟಾರ್ಚು ಹಿಡಿದ ಜಾಗದಲ್ಲಿ, ಸತ್ತ ಹಕ್ಕಿಯ ಪಕ್ಕದಲ್ಲೇ, ಕಾಲೆತ್ತಿ ದಾಟಿದರು. ಲುಂಗಿಯ ಅಂಚು ತಂತಿಗೆ ತಾಗುವಷ್ಟು ಹತ್ತಿರ ಹಾದುಹೋಯಿತು. ನನ್ನ ತೋಳು ಹಿಡಿದುಕೊಂಡರು. ಅವರ ಕೈ ತಣ್ಣಗಿತ್ತು.

ಬಾತುಗಳನ್ನು ನೋಡಲು ನಾವು ನಿಲ್ಲಲಿಲ್ಲ. ರಸ್ತೆಗೆ ಮುಟ್ಟಿದಾಗ ಒಂದು ಹಿಂಡು ತಲೆಯ ಮೇಲೆ ಹಾದುಹೋಯಿತು. ನಾನು ದುರ್ಬೀನು ಎತ್ತಲಿಲ್ಲ. ಗಾಡಿಯ ಬಳಿಯೇ ನಿಂತು ಖಾದರಸಾಬರು ಹೊಲದವನಿಗೆ ಫೋನು ಮಾಡಿದರು. ಅವನ ಕಾಳು ಕೊಳ್ಳುವವರು ಇವರೇ. ಹಂದಿಗೆ ಹಾಕಿದ್ದು, ಈಗಲೇ ಹೋಗಿ ತೆಗೆಯುತ್ತೇನೆ ಎಂದನಂತೆ. ರೋಣದ ಬಸ್ ನಿಲ್ದಾಣದ ಎದುರು ಗಾಡಿ ನಿಲ್ಲಿಸಿದಾಗ ಏಳೂವರೆ. ಮಿರ್ಚಿ ಭಜಿ ಬಿಸಿಯಾಗಿದ್ದವು. ನನ್ನ ಪಾಲನ್ನೂ ಅವರ ತಟ್ಟೆಗೆ ಸರಿಸಿದೆ.

ಗಜೇಂದ್ರಗಡದಲ್ಲಿ ಬಿಸಿಲು ಚೆನ್ನಾಗಿ ಬಿದ್ದಿತ್ತು. ಅವರ ಅಕ್ಕ ಮಾಬೂಬಿಯ ಮನೆ ನೇಕಾರರ ಓಣಿಯಲ್ಲಿದೆ. ಅಕ್ಕಪಕ್ಕದ ಮನೆಗಳಿಂದ ಮಗ್ಗದ ಸದ್ದು ಕೇಳುತ್ತಿತ್ತು. ನನಗಾಗಿ ಅಕ್ಕ ತಮ್ಮ ಇಬ್ಬರೂ ಕನ್ನಡದಲ್ಲೇ ಮಾತಾಡಿದರು. ಖಾದರಸಾಬರು ನಡೆದದ್ದನ್ನೆಲ್ಲ ಹೇಳಿ, ಕೊನೆಗೆ ನನ್ನ ಕಡೆ ಕೈ ತೋರಿಸಿದರು.

"ಸರ ಬಾ ಅಂದ್ರು, ಬಂದೆ. ಓದಿದವ್ರು ಅಂದಮ್ಯಾಲ ಮುಗೀತು."

"ಓದಿದವ್ರು ಬಾ ಅಂದ್ರ ಬಾವ್ಯಾಗೂ ಬೀಳ್ತಿಯೇನ ನೀ?" ಎಂದಳು ಮಾಬೂಬಿ, ನನಗೆ ಅನ್ನ ಬಡಿಸುತ್ತ. ಬಡಿಸುವಾಗ ನನ್ನ ಮುಖ ನೋಡಲಿಲ್ಲ.

ಹಾಗೆ ಹೇಳಲಿಲ್ಲ ಎನ್ನಲು ಬಾಯಿ ತೆರೆದೆ. ಆದರೆ ನನಗೆ ಕೇಳಿಸಿದ ನನ್ನದೇ ಕೂಗು ಬಾಯಿಂದ ಹೊರಬಂದಿತ್ತೋ, ಒಳಗೇ ಉಳಿದಿತ್ತೋ ಹೇಳಲಾರದೆ ಹೋದೆ. ಮಧ್ಯಾಹ್ನದ ಬಸ್ಸಿಗೆ ಅವರೇ ಹತ್ತಿಸಿದರು.

ಧಾರವಾಡಕ್ಕೆ ಬಂದ ಮೇಲೆ ಒಂದನ್ನು ಮಾತ್ರ ವಿಚಾರಿಸಲು ಸಾಧ್ಯವಿತ್ತು. ಆ ಭಾಗದ ಲೈನ್‌ಮನ್ನನ ನಂಬರು ಹುಡುಕಿ ಕೇಳಿದೆ. ಅವನು ಎರಡು ದಿನ ಬಿಟ್ಟು, ನೋಡಿಕೊಂಡು ಹೇಳಿದ. ಆ ಭಾನುವಾರ ಆ ಹೊಲಗಳ ಲೈನಿನಲ್ಲಿ ಬೆಳಿಗ್ಗೆ ಎಂಟರವರೆಗೆ ಕರೆಂಟ್ ಇತ್ತು. ನಡುವೆ ಒಮ್ಮೆಯೂ ಹೋಗಿರಲಿಲ್ಲ.