ಮ್ಯಾಗ್ನೆಟೋ ಬಿಚ್ಚಿದವನು ನಾನು

ಡಾಕ್ಟರ ಮೋಟಾರ್‌ಸೈಕಲ್ಲು ಕೆಡಿಸಿದವನು ನಾನು. ಚನ್ನವೀರಪ್ಪ ಮೇಸ್ತ್ರಿ ಅಲ್ಲ. ಐವತ್ತರ ದಶಕದಲ್ಲಿ ರೋಣದ ಜನ ನಂಬಿದ್ದು, ಇವತ್ತಿಗೂ ಒಬ್ಬಿಬ್ಬರು ಹಿರಿಯರು ಹೇಳುವುದು — ಅಷ್ಟೂ ಸುಳ್ಳು. ಆ ಸುಳ್ಳು ಹೊರಟದ್ದು ನನ್ನ ಬಾಯಿಂದ.

ಮೇಸ್ತ್ರಿ ಗಜೇಂದ್ರಗಡದವರು. ರೋಣದಲ್ಲಿ ತಗಡಿನ ಅಂಗಡಿ ಹಾಕಿ ಎಣ್ಣೆ ಎಂಜಿನ್ನು, ಲಾರಿ, ಊರಲ್ಲಿದ್ದ ಎರಡೋ ಮೂರೋ ಮೋಟಾರ್‌ಸೈಕಲ್ಲು ರಿಪೇರಿ ಮಾಡುತ್ತಿದ್ದರು. ನಾನು ಅವರಲ್ಲಿ ಫಿಟ್ಟರ್. ಎರಡು ಮಕ್ಕಳ ತಂದೆ, ಹುಬ್ಬಳ್ಳಿಯಲ್ಲಿ ಆರು ತಿಂಗಳು ಕೆಲಸ ಮಾಡಿ ಬಂದವನು — ಆ ಆರು ತಿಂಗಳ ಜಂಬ ಇನ್ನೂ ಇಳಿದಿರಲಿಲ್ಲ. ಮೇಸ್ತ್ರಿ ಓದಿದವರಲ್ಲ. ಆದರೆ ಅಂಥ ಕೆಲಸಗಾರನನ್ನು ನಾನು ಮತ್ತೆ ಕಾಣಲಿಲ್ಲ. ಬೇರೆಯವರು ಮೊದಲು ತಿರುಪು ಬಿಚ್ಚುವ ಪಾನಾ ಹುಡುಕಿದರೆ ಇವರು ಗಾಡಿಯ ಧಣಿಯನ್ನು ಕೂಡಿಸಿಕೊಂಡು ಮಾತಾಡಿಸುತ್ತಿದ್ದರು.

ಊರಿನ ಡಾಕ್ಟರದು ಯುದ್ಧಕಾಲದ ಹಳೆಯ ಮಿಲಿಟರಿ ಗಾಡಿ. ಅದಕ್ಕೆ ಬ್ಯಾಟರಿಯ ಹಂಗಿಲ್ಲ. ಕಿಕ್ ಒದ್ದಾಗ ಕಿಡಿ ಹುಟ್ಟಿಸುವುದು ಮ್ಯಾಗ್ನೆಟೋ, ಅದರ ಜೀವ ಒಳಗಿನ ಅಯಸ್ಕಾಂತ. ಗಾಡಿ ಶುರುವಾಗುವುದು, ನಿಂತುಬಿಡುವುದು. ಸುತ್ತಲಿನ ಹಳ್ಳಿಗಳ ರೋಗಿಗಳು ದಾರಿ ಕಾಯುತ್ತಿದ್ದರು. ಒಂದು ದಿನ ಡಾಕ್ಟರು ಅದನ್ನು ನಮ್ಮ ಅಂಗಡಿಗೆ ತಂದರು.

“ಯಾವಾಗ ಬಂದ್ ಬೀಳ್ತದ್ರಿ?” ಎಂದು ಕೇಳಿದರು ಮೇಸ್ತ್ರಿ.

“ಮ್ಯಾಲೆ ಕುಂತ ಕೂಡ್ಲೆ ನೋಡಪಾ” ಎಂದರು ಡಾಕ್ಟರು.

ಡಾಕ್ಟರು ಗಾಡಿ ಬಿಟ್ಟು ಹೋದ ಮೇಲೆ ಮೇಸ್ತ್ರಿ ಪ್ಲಗ್ಗು ತೆಗೆದು ಎಂಜಿನ್ನಿನ ತಲೆಯ ಮೇಲಿಟ್ಟರು, ಬಿಸಿಲು ಬೀಳದಂತೆ ಧೋತರದ ಸೆರಗು ಹಿಡಿದರು. ನಾನು ಒದ್ದೆ. ನೀಲಿ ಕಿಡಿ ಚಟ್ಟನೆ ಸಿಡಿಯಿತು.

“ಕಿಡಿ ಚಲೋ ಐತಿ. ಮ್ಯಾಗ್ನೆಟೋಕ್ಕ ನೀ ಕೈ ಹಚ್ಚಬ್ಯಾಡ. ವಾಯರ್ ಎಲ್ಲೋ ತಿಕ್ಕಾಡಾಕತ್ತೈತಿ, ಬಂದು ನೋಡ್ತೀನಿ” ಎಂದು ನನಗೆ ಹೇಳಿ, ಅಬ್ಬಿಗೇರಿಯಲ್ಲಿ ನಿಂತುಹೋಗಿದ್ದ ಎಣ್ಣೆ ಎಂಜಿನ್ನು ನೋಡಲು ಹೋದರು.

ಅವರು ಬರುವಷ್ಟರಲ್ಲಿ ನಾನೇ ಸರಿಮಾಡಿ ಡಾಕ್ಟರಿಂದ ಭೇಷ್ ಅನ್ನಿಸಿಕೊಳ್ಳಬೇಕು — ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಮ್ಯಾಗ್ನೆಟೋ ಬಿಚ್ಚಿದೆ. ಹುಬ್ಬಳ್ಳಿಯಲ್ಲಿ ಬಿಚ್ಚುವುದನ್ನು ದೂರದಿಂದ ನೋಡಿದ್ದೆ. ಒಳಗಿನ ತಂತಿಯ ಸುತ್ತು ಹೊರಗೆಳೆಯುವಾಗ ಅಯಸ್ಕಾಂತದ ಎರಡು ತುದಿಗೆ ಅಡ್ಡಲಾಗಿ ಕಬ್ಬಿಣದ ತುಂಡು ಇಡಬೇಕು, ಇಡದಿದ್ದರೆ ಅದರ ಬಲ ಇಳಿದುಹೋಗುತ್ತದೆ — ಇದನ್ನು ಮಾತ್ರ ನೋಡಿರಲಿಲ್ಲ. ಒರೆಸಿ, ಜೋಡಿಸಿ, ಒದ್ದೆ. ಕಿಡಿ ಇತ್ತೋ ಇಲ್ಲವೋ, ಗಾಡಿ ಶುರುವಾಗಲಿಲ್ಲ... ಬೆವರು ಮಾತ್ರ ಧಾರಾಳ ಬಂತು.

ಸಂಜೆ ಮೇಸ್ತ್ರಿ ಬಂದರು, ಡಾಕ್ಟರೂ ಬಂದರು, ಪೇಟೆಯ ಹತ್ತಾರು ಜನ ಸೇರಿದರು. ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮೇಸ್ತ್ರಿ ದೋಷ ಹಿಡಿದರು: ಸೀಟಿನ ಸ್ಪ್ರಿಂಗು ಕೆಳಗಿನ ವಾಯರನ್ನು ತಿಂದಿತ್ತು, ಡಾಕ್ಟರು ಕುಳಿತಾಗೆಲ್ಲ ಅದು ಕಬ್ಬಿಣಕ್ಕೆ ತಾಗಿ ಕಿಡಿ ಸಾಯುತ್ತಿತ್ತು. ಪಟ್ಟಿ ಸುತ್ತಿ ಒದ್ದರು. ಶುರುವಾಗಲಿಲ್ಲ. ಮತ್ತೆ ಒದ್ದರು. ಬಗ್ಗಿ ನೋಡಿದರೆ ಮ್ಯಾಗ್ನೆಟೋದ ತಿರುಪುಗಳ ಮೇಲೆ ಹೊಸ ಗೀರು.

“ಇದನ್ನ ಬಿಚ್ಚಿದವರು ಯಾರು?” ಡಾಕ್ಟರು ಸಿಟ್ಟಾಗಿದ್ದರು.

“ಮೇಸ್ತ್ರಿಯವರೇ ಬಿಚ್ಚ್ಯಾರ್ರಿ. ನಾ ಬ್ಯಾಡ ಅಂದಿದ್ದೆ.”

ಹೌದು, ನಾನೇ ಅಂದೆ. ಎರಡನೆಯ ಮಾತನ್ನು ಯಾರೂ ಕೇಳಿರಲಿಲ್ಲ — ನಾನಾಗಿ ಸೇರಿಸಿದೆ. ಮೇಸ್ತ್ರಿ ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಡಾಕ್ಟರ ಕಡೆ ತಿರುಗಿ, “ನನ್ನ ಅಂಗಡ್ಯಾಗ ಕೆಟ್ಟೈತ್ರಿ, ನಾ ಸರಿ ಮಾಡಿ ಕೊಡ್ತೀನಿ” ಎಂದರು. ಅಂಗಡಿಯಲ್ಲಿ ಯಾರ ಕೈಯಿಂದ ಕೆಟ್ಟರೂ ಜವಾಬ್ದಾರಿ ಮೇಸ್ತ್ರಿಯದೇ ಎಂಬುದು ಅವರ ರೀತಿ. ಅದು ಗೊತ್ತಿದ್ದೇ ನಾನು...

ಮರುದಿನ ಲಾರಿಯವರಿಂದ ಎರಡು ಬ್ಯಾಟರಿ ತಂದು, ಅಯಸ್ಕಾಂತಕ್ಕೆ ದಪ್ಪ ತಾಮ್ರದ ತಂತಿ ಸುತ್ತಿ, ಕ್ಷಣಕ್ಷಣ ಕರೆಂಟು ಮುಟ್ಟಿಸಿ ಬಿಡುತ್ತ ಅದಕ್ಕೆ ಮತ್ತೆ ಬಲ ತುಂಬಿದರು. ಹುಬ್ಬಳ್ಳಿಯಲ್ಲೂ ನಾನು ಕಾಣದ ವಿದ್ಯೆ. ಒಂದೇ ಒದೆತಕ್ಕೆ ಗಾಡಿ ಗುಡುಗಿತು. ಹೊಟ್ಟೆಯಲ್ಲಿ ಅಷ್ಟು ಕಳ್ಳತನ ಇಟ್ಟುಕೊಂಡೂ ನನಗೆ ಚಪ್ಪಾಳೆ ತಟ್ಟಬೇಕೆನಿಸಿತ್ತು.

ಆದರೆ ಮಾತು ಊರೆಲ್ಲ ಹರಡಿತ್ತು: ಮೇಸ್ತ್ರಿಗೆ ವಯಸ್ಸಾಯಿತು, ಕೈ ತಪ್ಪುತ್ತದೆ. ನಾನು ಬೇರೆ ಅಂಗಡಿ ಹಾಕಿದಾಗ ಡಾಕ್ಟರ ಗಾಡಿ ನನ್ನಲ್ಲಿಗೇ ಬಂತು, ಹಿಂದೆಯೇ ಉಳಿದವೂ ಬಂದವು. ಮೇಸ್ತ್ರಿ ತಗಡು ಬಿಚ್ಚಿ ನರಗುಂದದ ಕಡೆ ಹೋದರು. ಶಿರೋಳದ ಸುತ್ತ ಹೊಲಹೊಲ ತಿರುಗಿ ಎಂಜಿನ್ನು ರಿಪೇರಿ ಮಾಡುತ್ತಿದ್ದರಂತೆ.

ಒಮ್ಮೆ ನರಗುಂದದಲ್ಲಿ ಸಿಕ್ಕರು. ಚಹಾ ಕುಡಿಸಿದರು, ನನ್ನ ಮಕ್ಕಳ ಹೆಸರು ಹಿಡಿದು ವಿಚಾರಿಸಿದರು. ಏಳುವಾಗ ಮೆಲ್ಲಗೆ, “ಮ್ಯಾಗ್ನೆಟೋ ಬಿಚ್ಚುಮುಂದ ಈಗ ಕಬ್ಬಿಣದ ತುಂಡು ಇಡ್ತೀ ಹೌದಿಲ್ಲೋ?” ಎಂದರು.

“ಇಡ್ತೀನ್ರಿ” ಎಂದೆ.

“ಚಲೋ ಆತು” ಎಂದರು. ಖರೇನೇ ಸಮಾಧಾನವಾದವರಂತೆ ಕಂಡರು. ಆಗಲಾದರೂ ಕಾಲು ಹಿಡಿಯಬಹುದಿತ್ತು. ಬಸ್ಸು ಹತ್ತಿದೆ.

ಮೇಸ್ತ್ರಿ ಈಗಿಲ್ಲ. ಹೋದ ತಿಂಗಳು ಗಜೇಂದ್ರಗಡದ ಒಂದು ಮದುವೆಯಲ್ಲಿ ಅವರ ಮಗಳು ಶಂಕ್ರವ್ವ ನನ್ನ ಪಕ್ಕ ಬಂದು ಕುಳಿತಳು. “ಕಾಕಾ, ನಮ್ಮಪ್ಪನ ಕೈ ಕಡೀಕ ತಪ್ತಿತ್ತು ಅಂತಾರ. ನೀವ ಸಂಗಾಟ ಇದ್ದವರು. ಖರೇ ಏನ್ರಿ?”

“ಹಳೇ ಮಾತು, ಬಿಡವ್ವಾ” ಎಂದೆ ನಾನು. ಇಷ್ಟು ವಯಸ್ಸಾದ ಮೇಲೂ.

ಇದನ್ನು ಬರೆದದ್ದು ಅವಳಿಗಾಗಿ. ನಾಳೆ ಹೋಗಿ ಅವಳ ಗಂಡ, ಮಕ್ಕಳ ಎದುರು ನಾನೇ ಓದಿ ಹೇಳುತ್ತೇನೆ. ಆಮೇಲೆ ಮನೆಯೊಳಗೆ ಇರಗೊಡುವುದು, ಹೊರಗೆ ಹಾಕುವುದು ಅವರಿಗೆ ಬಿಟ್ಟದ್ದು. ಶಂಕ್ರವ್ವಾ, ನಿಮ್ಮಪ್ಪನ ಕೈ ಒಂದು ದಿನವೂ ತಪ್ಪಿರಲಿಲ್ಲ.